ಸಪ್ಪೆ ಅನ್ನದ ಉಸಿರು

ಕಾಕ್ಸ್ ಟೌನ್‌ನ ಲ್ಯಾಬೊಂದರಲ್ಲಿ ನಾನು ಉಸಿರು ಪರೀಕ್ಷೆ ಮಾಡ್ತೀನಿ. ಸಣ್ಣ ಕರುಳಲ್ಲಿ ಬ್ಯಾಕ್ಟೀರಿಯಾ ಅತಿಯಾಗಿ ಬೆಳೆದಿದ್ರೆ, ಸಕ್ಕರೆ ನೀರು ಕುಡಿದು ಮಷೀನಿಗೆ ಊದಿದಾಗ ಉಸಿರಲ್ಲಿರೋ ಗ್ಯಾಸಿನ ಅಂಕಿ ಏರಿ ಗೊತ್ತಾಗುತ್ತೆ. ಆದ್ರೆ ಹಿಂದಿನ ದಿನ ಬರೀ ಸಪ್ಪೆ ಅನ್ನ ತಿಂದು, ರಾತ್ರಿಯಿಂದ ಉಪವಾಸ ಇರಬೇಕು.

ಹೊಟ್ಟೆ ಉಬ್ಬರ ಅಂತ ಹುಬ್ಬಳ್ಳಿ ಕಡೆಯ ಆಫೀಸರೊಬ್ಬರು ಬಂದ್ರು. ಸಕ್ಕರೆ ನೀರು ಕೊಡೋ ಮುಂಚೆ ಒಂದ್ಸಲ ಊದಿಸಿದ್ರೆ, ಆಗಲೇ ಮಷೀನಿನ ಅಂಕಿ ಸರ್ರನೆ ಮೇಲೇರಿತು.

"ನಿನ್ನೆ ಏನು ತಿಂದ್ರಿ ಸಾರ್?"

"ನೀವು ಹೇಳಿದಂಗ ಸಪ್ಪನ್ನ ಅನ್ನ. ಸಾರು ಸುದ್ದಾ ಹಾಕ್ಕೊಂಡಿಲ್ರಿ."

"ಬೇರೇನೂ ಇಲ್ವಾ?"

"ಅನ್ನಕ್ಕಿಂತ ಮೊದಲ ಎರಡು ರೊಟ್ಟಿ, ಮಡಕಿಕಾಳ ಪಲ್ಯ."

"ಬರೀ ಅನ್ನ ಅಂದಿದ್ನಲ್ರೀ!"

"ರೊಟ್ಟಿ ತಿನ್ನದ ಅನ್ನಕ್ಕ ಹೆಂಗ ಬರೋದ್ರಿ?"

ಕಾಳು ತಿಂದವರ ಉಸಿರನ್ನ ಮಷೀನ್ ನಂಬಲ್ಲ, ಪರೀಕ್ಷೆ ರದ್ದು. ಅವತ್ತಿಂದ ಯಾರೇ ಬಂದ್ರೂ ಮೊದಲು ಊರು ಕೇಳ್ತೀನಿ, ಹೊಟ್ಟೆ ವಿಚಾರ ಆಮೇಲೆ.