ಕೊನೆಯ ಹೆಸರು ಕಡ್ಡಾಯ

ಗೆಳೆಯರೇ, ತಲೆ ಕೆಟ್ಟುಹೋಗಿದೆ, ಸ್ವಲ್ಪ ಕೇಳಿ. ವೆಬ್‌ಸೈಟ್ ಕಟ್ಟುವವರು ಪುಕ್ಕಟೆಯಾಗಿ ಬಳಸುವ, ಯಾರು ಬೇಕಾದರೂ ತಿದ್ದಬಹುದಾದ ಒಂದು ಫ್ರೇಮ್‌ವರ್ಕ್‌ಗೆ ನಾನು ಬಿಡುವಿನಲ್ಲಿ ಕೋಡ್ ಬರೆದುಕೊಡುವುದು ನಿಮಗೆ ಗೊತ್ತು. ಈ ಸಲ ಕಳಿಸಿದ ತಿದ್ದುಪಡಿ ಬಹಳ ಚಿಕ್ಕದು. ಫಾರಂನಲ್ಲಿ ಕೊನೆಯ ಹೆಸರು ಖಾಲಿ ಬಿಟ್ಟರೆ ಅದನ್ನು ತಪ್ಪು ಎನ್ನಬಾರದು, ಅಷ್ಟೇ. ನಮ್ಮ ನಂಜನಗೂಡಿನ ಕಡೆ ಎಷ್ಟು ಜನಕ್ಕೆ ಸರ್‌ನೇಮ್ ಇದೆ? ಊರಿನದೊಂದು, ಅಪ್ಪನದೊಂದು ಇನಿಷಿಯಲ್, ಮುಗಿಯಿತು.

ಇವತ್ತು ಬೆಳಿಗ್ಗೆ ಆ ಫ್ರೇಮ್‌ವರ್ಕ್ ನೋಡಿಕೊಳ್ಳುವವರಿಂದ ಮೇಲ್ ಬಂತು. ಕೋಡ್ ನೋಡುವ ಮೊದಲು ನಾನು ಅವರ ಸೈಟಿನಲ್ಲಿ, ನನ್ನ ಕೋಡ್ ಬಳಸಲು ಒಪ್ಪಿಗೆ ಕೊಡುವ ಒಪ್ಪಂದದ ಫಾರಂ ತುಂಬಬೇಕಂತೆ. ತುಂಬಿದೆ. ಕೆಂಪಕ್ಷರದಲ್ಲಿ ಬಂತು: ಕೊನೆಯ ಹೆಸರು ಕಡ್ಡಾಯ. ಚುಕ್ಕಿ ಹಾಕಿದೆ, ಆಗಲಿಲ್ಲ. ಇನಿಷಿಯಲ್ ಹಾಕಿದೆ, ಕನಿಷ್ಠ ಮೂರಕ್ಷರ ಬೇಕಂತೆ.

ಪಕ್ಕದಲ್ಲಿ ಕಾಫಿ ಕುಡಿಯುತ್ತಿದ್ದ ಅಪ್ಪನನ್ನು ಕೇಳಿದೆ, “ಅಪ್ಪ, ನಮ್ ಮನೆತನಕ್ಕೆ ಏನಾದ್ರೂ ಹೆಸರಿದ್ಯಾ?”

“ನಮ್ಮೂರು ಕಳಲೇಲಿ ನಮ್ಮನ್ನ ಮೂಲೆಮನೆಯೋರು ಅಂತಾರೆ ಕಣ್ಲಾ. ಅದ್ನೇ ಬರ್ದಾಕು. ಅವ್ರೇನು ಬಂದು ನೋಡ್ತಾರಾ?”

‘ಮೂಲೆಮನೆ’ ಎಂದು ಬರೆದೆ. ಫಾರಂ ಚಕಾರವೆತ್ತದೆ ಒಪ್ಪಿಕೊಂಡಿತು. ಸಂಜೆ ಉತ್ತರವೂ ಬಂತು:

“ಪ್ರಿಯ ಶ್ರೀ ಮೂಲೆಮನೆ, ನಿಮ್ಮ ತಿದ್ದುಪಡಿ ನೋಡಿದೆವು. ಒಂದೇ ಒಂದು ಪ್ರಶ್ನೆ. ಕೊನೆಯ ಹೆಸರೇ ಇಲ್ಲದ ಜನ ನಿಜವಾಗಿಯೂ ಇದ್ದಾರೆಯೇ?”

ಇದ್ದಾರೆ ಸ್ವಾಮಿ, ನಾನೇ ಇದ್ದೇನೆ ಎಂದು ಉತ್ತರ ಬರೆದಿಟ್ಟಿದ್ದೇನೆ. ಕೆಳಗೆ ಯಾವ ಹೆಸರು ಹಾಕಿ ಕಳಿಸಲಿ, ನೀವೇ ಹೇಳಿ.