ಬಚ್ಚಲ ಬಾಜೂಕಿನ ಹಳದಿ ಹೂವು

ಮೊನ್ನೆ ಸೊಸೆ ಕೂಸಿಗೆಂದು ಬಜೆ ತೇಯುತ್ತಿದ್ದಳು. ಆ ಘಾಟು ಮೂಗಿಗೆ ಬಡಿದದ್ದೇ ತಡ, ಗಂಗವ್ವ ನೆನಪಾದಳು. ಈ ಮುದುಕಿಯ ನೆನಪು ನೋಡಿ, ನಿನ್ನೆಯ ಊಟ ಮರೆಯುತ್ತದೆ, ಇಂಥದ್ದು ಮರೆಯುವುದಿಲ್ಲ.

ಬ್ರಿಟಿಷರಿದ್ದ ಕಾಲ. ನಾನು ಕುಲಗೋಡದ ಮನೆಯ ಕಿರಿ ಸೊಸೆ. ಗಂಗವ್ವ ನನ್ನ ಭಾವನ ಹೆಂಡತಿ. ಅವಳ ತಂದೆ ಗೋಕಾಕದ ಹತ್ತಿರ ದೊರೆಯೊಬ್ಬನ ಬಂಗಲೆಯಲ್ಲಿ ಮಾಲಿ. ದೊರೆಸಾನಿ ತನ್ನ ದೇಶಕ್ಕೆ ಹೊರಟಾಗ ಬಿಟ್ಟುಹೋದ ಹೂಗಿಡದ ಗಡ್ಡೆಯೊಂದನ್ನು ಆತ ಮಗಳಿಗೆ ಕೊಟ್ಟಿದ್ದ. "ಇದರ ಕಾಲ ರಾಡ್ಯಾಗ ಇರಬೇಕವ್ವಾ, ತಲಿ ಬಿಸಲಾಗ," ಎಂದಿದ್ದನಂತೆ. ಅದರ ಹೆಸರು ಐರಿಸ್ ಎಂದು ನಮಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಗಂಗವ್ವ ಅದನ್ನು ಬಚ್ಚಲ ನೀರು ನಿಂತು ಕೆಸರಾಗುವಲ್ಲಿ ನೆಟ್ಟಳು. ಬೇಸಿಗೆಯಲ್ಲಿ ಬಾವಿಯ ತಳ ಕಂಡಾಗಲೂ ಬೇಳೆ ತೊಳೆದ ನೀರು, ಮುಖ ತೊಳೆದ ನೀರು ಎಲ್ಲ ಅದರ ಬುಡಕ್ಕೇ. ಕತ್ತಿಯಂಥ ಎಲೆಗಳೆದ್ದವು, ಹೂವು ಮಾತ್ರ ಇಲ್ಲ. "ಹುಲ್ಲಿಗೆ ಬಾಣಂತನ ಮಾಡಾಕತ್ತಾಳ," ಎಂದು ನಗುತ್ತಿದ್ದೆವು. ಎಲ್ಲರಿಗಿಂತ ಜೋರಾಗಿ ನಕ್ಕವಳು ನಾನೇ.

ನನ್ನ ಮಗನಿಗೆ ವರ್ಷ ದಾಟಿದರೂ ಮಾತು ಬರಲಿಲ್ಲ. ಅತ್ತೆ ಆ ಎಲೆಗಳನ್ನು ನೋಡಿ, "ಇದು ಬಜಿನ ಐತಿ. ತೇದು ನೆಕ್ಕಿಸಿದ್ರ ನಾಲಿಗಿ ಹೊರಳತೈತಿ," ಎಂದು ಗಡ್ಡೆಯ ಚೂರು ಕಿತ್ತು ಹಾಲಿನಲ್ಲಿ ತೇಯ್ದರು. ನಾನು ಮಗುವನ್ನು ತೊಡೆಯ ಮೇಲೆ ಮಲಗಿಸಿ ಬಾಯಿ ತೆರೆಸಿದೆ.

ಗಂಗವ್ವ ಓಡಿ ಬಂದು ಅತ್ತೆಯ ಕೈ ಹಿಡಿದಳು. ಅವರೆದುರು ಎಂದೂ ದನಿ ಎತ್ತಿದವಳಲ್ಲ. "ಬಜಿ ಅಲ್ರಿ ಇದು. ಬಜಿ ಘಾಟ ಇಲ್ಲ."

"ಕೂಸಿಗಿಂತ ನಿನ್ನ ಹುಲ್ಲು ಹೆಚ್ಚಾತೇನ?" ಎಂದರು ಅತ್ತೆ.

"ಹಂಗಾದ್ರ ಮೊದಲ ನಾ ಕುಡಿತೇನಿ," ಎಂದವಳೇ ಬಟ್ಟಲು ಕಸಿದು ಕುಡಿದೇಬಿಟ್ಟಳು.

ಸ್ವಲ್ಪ ಹೊತ್ತಿಗೆ ಬಾಯಿ ಉರಿ, ತುಟಿ ಬಾವು, ಸಂಜೆಯವರೆಗೆ ವಾಂತಿ. ನಾನು ಮಗುವನ್ನು ಅವಚಿಕೊಂಡು ಕೂತಿದ್ದೆ. ಅತ್ತೆ ಅವಳ ತಲೆ ಹಿಡಿದು, "ನಾಳೆ ಆ ವಿಷ ಕಿತ್ತ ಒಗೀತೇನಿ," ಎಂದು ಅತ್ತರು.

"ಅದರದೇನ ತಪ್ಪೈತ್ರಿ? ಇರಲಿ ಬಿಡ್ರಿ," ಎಂದಳು ಗಂಗವ್ವ, ತುಟಿ ಅಲ್ಲಾಡಿಸಲಾಗದೆ.

ಚಳಿಗಾಲ ಕಳೆದ ಒಂದು ಬೆಳಿಗ್ಗೆ ಆ ಎಲೆಗಳ ನಡುವೆ ಹಳದಿ ಹೂವೊಂದು ನಿಂತಿತ್ತು. ಎಸಳುಗಳು ರೇಷ್ಮೆಯಂತೆ ಜೋಲಿದ್ದವು. ಒಳಗೆ ಕೂದಲಿನಷ್ಟು ಸಣ್ಣ ಕಂದು ಗೆರೆಗಳು. ಬಚ್ಚಲ ಕೊಳೆನೀರು ಕುಡಿದ ಗಿಡ ಅದು, ನೀವೇ ಹೇಳಿ! ಓಣಿಯೆಲ್ಲ ಬಂದು ನಿಂತಿತು. ಅತ್ತೆ ತಲೆಯ ಮೇಲೆ ಸೆರಗೆಳೆದುಕೊಂಡು ಕೆಸರಿನಲ್ಲೇ ಕೂತರು. "ವಿಷದಾಗೂ ಇಂಥಾ ರೂಪ ಇಟ್ಟಾನಲ್ಲ ಶಿವ," ಎಂದರು.

ನಾನು ಹೂವಿಗಿಂತ ಹೆಚ್ಚು, ಅದರ ಬುಡಕ್ಕೆ ಕೆಸರು ಒತ್ತುತ್ತಿದ್ದ ಗಂಗವ್ವನನ್ನೇ ನೋಡುತ್ತಿದ್ದೆ. ಮಗನನ್ನು ಅವಳ ಕಡೆ ಚಾಚಿದೆ.

"ಕೈ ರಾಡಿ ಆಗ್ಯಾವ ತಂಗಿ," ಎಂದು ಹಿಂಜರಿದಳು.

"ಇರಲಿ ಅಕ್ಕಾ, ತಗೋ," ಎಂದೆ.