ಕಲ್ಮೇಶನ ಮೊಬೈಲಿನ ಕರಡಿ

ಕಿತ್ತೂರಿನ ಹೆದ್ದಾರಿ ಬದಿಯ ಗ್ಯಾರೇಜಿನಲ್ಲಿ ದಾವಲಸಾಬ ಲಾರಿಯ ಟಾಯರು ಬಿಚ್ಚುತ್ತಿದ್ದಾಗ ಅವನ ಊರಿನ ಕಲ್ಮೇಶ ಮೊಬೈಲ್ ಹಿಡಿದು ಬಂದ. ಹಿಂದೆ ಆರೇಳು ಜನ, ಒಬ್ಬನ ಕೈಯಲ್ಲಿ ಸೀಮೆಎಣ್ಣೆ ಕ್ಯಾನು.

"ದಾವಲಣ್ಣ, ನಿಮ್ಮ ತಮ್ಮನ್ನ ಕೊಂದ ಕರಡಿ ಇದ ಹೌದಿಲ್ರಿ? ನಮ್ಮ ಗುಡ್ಡದ ಗವಿ ಮುಂದ ತಗದ ವಿಡಿಯೊ ಅಂತ. ನೀವು ಹೂಂ ಅಂದ್ರ ಗವಿಗೆ ಬೆಂಕಿ ಹಚ್ಚತೇವಿ."

ತಮ್ಮ ಸತ್ತು ಇಪ್ಪತ್ತು ದಿನವಾಗಿತ್ತು. ದಾವಲಸಾಬನಿಗೆ ಅಂದೂ ಅಳು ಬಂದಿರಲಿಲ್ಲ, ಇಂದೂ ಏನೂ ಅನಿಸಲಿಲ್ಲ. ಕೈ ಒರೆಸಿಕೊಂಡು ವಿಡಿಯೊ ಎರಡು ಸಲ ನೋಡಿದ. ಅವನ ಅಪ್ಪ ಕರಡಿ ಆಡಿಸುತ್ತಿದ್ದವನು. ಆ ಕಸುಬು ನಿಲ್ಲುವವರೆಗೂ ಕರಡಿಯ ಮೈ ತಿಕ್ಕುವ ಕೆಲಸ ಇವನದೇ.

"ಎದಿ ಮ್ಯಾಲಿನ ಬಿಳಿ ಗುರ್ತು ನೋಡಿ ಮೋಸ ಹೋಗೀರಿ. ಅದು ಬ್ಯಾರೆ ಜಾತಿ ಕರಡಿಗೂ ಇರತೈತಿ. ನಮ್ಮ ಕಡಿ ಕರಡಿ ಮೂತಿ ಬೆಳ್ಳಗ, ಕೂದಲಾ ಜೋತ ಬಿದ್ದಿರತಾವ, ಉಗುರು ಬೆರಳಿನಷ್ಟ ಉದ್ದ. ಇದರ ಮೈ ನುಣ್ಣಗ, ಉಗುರು ಗಿಡ್ಡ, ಕರ್ರಗ. ಇದು ಹಿಮಾಲಯದ್ದು."

"ಏ ಕಲ್ಮೇಶ, ಅದೇನ ಲಾರಿ ಹತ್ತಿ ಬಂದೈತೇನಲೇ?" ಎಂದ ಒಬ್ಬ.

"ಹಂಗಾರ ಗವಿಯಾಗ ಕರಡಿ ಇಲ್ಲೇನ್ರಿ?" ಎಂದು ಕಲ್ಮೇಶ ಕೇಳಿದ.

"ಐತೋ ಇಲ್ಲೋ ನನಗ ಗೊತ್ತಿಲ್ಲ. ಈ ವಿಡಿಯೊ ನಂಬಿ ಬೆಂಕಿ ಹಚ್ಚಬ್ಯಾಡ್ರಿ."

ಅವರು ಊರಿಗೆ ಹಿಂತಿರುಗಿದರು. ದಾವಲಸಾಬ ಅರಣ್ಯ ಇಲಾಖೆಗೆ ಫೋನು ಮಾಡಿದ. ಮರುದಿನ ಬೆಳಿಗ್ಗೆ ಸಿಬ್ಬಂದಿ ಬಂದು ಗವಿಯ ಎದುರಿನ ಮರಕ್ಕೆ ಕ್ಯಾಮೆರಾ ಕಟ್ಟಿದರು.